ಅಮ್ಮನ ಹೆಬ್ಬೆರಳು, ನನ್ನ ಪ್ರಾಸ

ಅರಸೀಕೆರೆ
೧೩-೭-೨೦೨೫, ಭಾನುವಾರ

ಪ್ರೀತಿಯ ಚಿತ್ರಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಹಿರಿಯೂರಿನ ನಿಮ್ಮ ಕಾಲೇಜಿನ ಲೈಬ್ರರಿಯನ್ನು ಎರಡನೇ ಮಹಡಿಗೆ ಹತ್ತಿಸಿದ ಪುಣ್ಯಾತ್ಮರಿಗೆ ನಿನ್ನ ಮಂಡಿಯನ್ನು ಹದಿನೈದು ದಿನ ಎರವಲು ಕೊಡು, ತಡವಾಗಿ ಹಿಂತಿರುಗಿಸಿದರೂ ದಂಡ ಹಾಕಬೇಡ. ಭಾವನ ಸಕ್ಕರೆ ಹತೋಟಿಯಲ್ಲಿದೆಯೇ? ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನೂ ಕ್ಷೇಮವೆಂದೇ ಬರೆಯಬೇಕು. ಉಣ್ಣುತ್ತಾಳೆ, ಓಡಾಡುತ್ತಾಳೆ, ನನ್ನನ್ನು ಬೈಯುತ್ತಾಳೆ. ಓದುವುದನ್ನು ಮಾತ್ರ ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಅದಕ್ಕೆ ಕಾರಣ ನಿನ್ನ ತಮ್ಮ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಾನೂ ನಗುತ್ತೇನೆ, ಹೇಸಿಗೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕಾಗದ.

ನೀನು ರಜೆಯಲ್ಲಿ ಬಂದು ದುಂಡಕ್ಷರದಲ್ಲಿ ಪುಸ್ತಕಗಳ ಕಾರ್ಡುಗಳನ್ನು ಬರೆದುಕೊಟ್ಟಿದ್ದೆಯಲ್ಲ, ಕೊಬ್ಬರಿ ಮಂಡಿಯ ಪಕ್ಕದ ನಮ್ಮ ವಾಚನಾಲಯ, ಅದನ್ನು ಕಂಪ್ಯೂಟರಿಗೆ ಏರಿಸುವುದೆಂದು ಯುಗಾದಿಯ ಹೊತ್ತಿಗೆ ತೀರ್ಮಾನವಾಯಿತು. ಯಾವ ಸಾಫ್ಟ್‌ವೇರ್ ಎಂದು ಆರಿಸಲು ಮೂವರ ಸಮಿತಿ: ಅಧ್ಯಕ್ಷರಾದ ಕೊಬ್ಬರಿ ವರ್ತಕ ರಂಗನಾಥ್, ಕಾರ್ಯದರ್ಶಿ ಲೋಕೇಶ್, ಗ್ರಂಥಪಾಲಕನಾದ ನಾನು. ಮೂರು ಬಂದವು. ಮೊದಲನೆಯದು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದದ್ದು. ಕನ್ನಡದ ಹೆಸರುಗಳನ್ನು ಕನ್ನಡದ ಅಕ್ಷರಕ್ರಮದಲ್ಲೇ ಜೋಡಿಸುತ್ತಿತ್ತು, ನಾವು ಒಂದು ತಿಂಗಳು ಕೂತು ಕಲಿಯಬೇಕಿತ್ತು, ಅಷ್ಟೆ. ಲೋಕೇಶ್ ಮೂಗು ಮುರಿದು, “ಬಿಟ್ಟಿ ಸಿಗೋದ್ರಲ್ಲಿ ಏನೋ ಐಬು ಇದ್ದೇ ಇರ್ತದೆ ಕಣ್ರೀ” ಎಂದರು. ಎರಡನೆಯದು ಕನ್ನಡವನ್ನು ಕಂಡೊಡನೆ ಸಾಲುಸಾಲಾಗಿ ಖಾಲಿ ಚೌಕಗಳನ್ನು ತೋರಿಸಿತು. ಮೂರನೆಯದನ್ನು ತಂದವನು ಉದಯಕುಮಾರ್ ಎಂಬ ಟೈ ಕಟ್ಟಿದ ಹುಡುಗ. ಅದರ ಜೊತೆಗೆ ಗಾಜಿನ ಬಾಗಿಲು, ಬಾಗಿಲ ಪಕ್ಕ ಹೆಬ್ಬೆರಳು ಇಡುವ ಯಂತ್ರ. ಬೆರಳಿಟ್ಟರೆ ಬಾಗಿಲು ತೆರೆಯುತ್ತದೆ, ಮೇಲಾಗಿ ಮಾತಾಡುತ್ತದೆ. ಅಧ್ಯಕ್ಷರು ಕೇಳಿದ ಒಂದೇ ಪ್ರಶ್ನೆ, ಗಾಜಿನ ಮೇಲೆ ತಮ್ಮ ತಂದೆಯವರ ಹೆಸರು ಬರೆಸಬಹುದೇ ಎಂದು. ನಾಳೆ ಇದು ಬೇಡವೆನಿಸಿದರೆ ನಮ್ಮ ಪುಸ್ತಕಗಳ ಪಟ್ಟಿ ನಮಗೆ ವಾಪಸ್ ಸಿಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನು ಕೇಳಬೇಕಿತ್ತು.

ಕೇಳದಿದ್ದದ್ದಕ್ಕೆ ಕಾರಣವನ್ನು ಬರೆಯಲು ನಾಚಿಕೆಯಾಗುತ್ತದೆ. ಉದಯಕುಮಾರ್ ನನ್ನ ಕಡೆ ತಿರುಗಿ, “ಸಾರ್, ನೀವು ಪ್ರಾಸ ಕಟ್ತೀರಂತಲ್ಲ, ನಮ್ ಬಾಗಿಲಿಗೂ ಎರಡು ಸಾಲು ಕೊಡಿ” ಎಂದ. ಜನ ದುಡ್ಡಿಗೆ ಬೀಳುತ್ತಾರೆ, ಸೀರೆಗೆ ಬೀಳುತ್ತಾರೆ. ನಾನು ಎರಡು ಸಾಲಿಗೆ ಬಿದ್ದೆ. ಕಾಫಿ ಆರುವುದರೊಳಗೆ ಬರೆದುಕೊಟ್ಟೆ: “ಬೆರಳನ್ನಿಡಿ, ಒಳಗಡಿಯಿಡಿ, ಬೇಕಾದದ್ದನು ಓದಿಬಿಡಿ.” ಬೆರಳು ಹೊಂದದಿದ್ದರೆ ಹೇಳಲು ಇನ್ನೊಂದು ಬೇಕೆಂದ. ಅದು ಕಳ್ಳರಿಗೆ ಎಂದುಕೊಂಡು ಅದನ್ನೂ ಕೊಟ್ಟೆ: “ಬೆರಳಿನ ಗುರುತು ಸಿಗಲಿಲ್ಲ, ಬಾಗಿಲು ನಿಮಗೆ ತೆರೆಯಲ್ಲ.” ಪರೀಕ್ಷೆಯ ದಿನ ನಾವು ಮೂವರೂ ಬೆರಳಿಟ್ಟೆವು. ಮೂರು ಸಲವೂ ಬಾಗಿಲು ತೆರೆಯಿತು. ಅಧ್ಯಕ್ಷರು ಕೊಬ್ಬರಿಯಲ್ಲೇ ತಲೆ ನರೆಸಿದವರು, ನಿಜ. ಆದರೆ ಅವರ ಬೆರಳು ಸವೆಸಿದ್ದು ಕ್ಯಾಲ್ಕುಲೇಟರಿನ ಗುಂಡಿಗಳನ್ನು. ಈ ವ್ಯವಸ್ಥೆ ಸರ್ವರಿಗೂ ಸುಲಭ ಎಂದು ಕಂಪನಿಗೆ ಒಂದು ಮೆಚ್ಚುಗೆಯ ಪತ್ರ ಬರೆದು ಸಹಿ ಹಾಕಿದೆ. ಅದರಲ್ಲೂ ಪ್ರಾಸವಿತ್ತು.

ಉದ್ಘಾಟನೆಯ ಮಾರನೆಯ ದಿನ ಮಧ್ಯಾಹ್ನ ಅಮ್ಮ ಎಂದಿನಂತೆ ಬಂದಳು. ಮಂಡಿಯ ಹೆಂಗಸರು ಊಟಕ್ಕೆ ಬಿಟ್ಟಾಗ ಹಿಂದಿನ ಜಗುಲಿಯಲ್ಲಿ ಕೂರಿಸಿಕೊಂಡು ಅವರಿಗೆ ಕಾದಂಬರಿ ಓದಿ ಹೇಳುವುದು ಅವಳ ಕೆಲಸವೆಂದು ನಿನಗೆ ಗೊತ್ತಲ್ಲ. ಅಕ್ಷರ ಬಾರದ ದ್ಯಾವಮ್ಮ ಕಥೆ ಎಲ್ಲಿಗೆ ನಿಂತಿತ್ತೆಂದು ನೆನಪಿಟ್ಟುಕೊಳ್ಳುತ್ತಾಳೆ, ಅಮ್ಮ ಅಲ್ಲಿಂದ ಮುಂದುವರಿಸುತ್ತಾಳೆ. ಯಂತ್ರವನ್ನು ನೋಡಿದವಳೇ ಅಮ್ಮ ನಿಂತಳು. ಹೆಬ್ಬೆಟ್ಟು ಒತ್ತಬಾರದೆಂಬ ಒಂದೇ ಹಟಕ್ಕೆ ಮೂವತ್ತೈದು ದಾಟಿದ ಮೇಲೆ, ನಿನ್ನ ಸ್ಲೇಟು ಕಿತ್ತುಕೊಂಡು ಅಕ್ಷರ ಕಲಿತವಳು ಅವಳು. “ಇಲ್ಲೂ ಹೆಬ್ಬೆಟ್ಟೇ ಏನ್ಲಾ?” ಎಂದಳು. ಇದು ಆ ಹೆಬ್ಬೆಟ್ಟಲ್ಲ, ಹೊಸ ಕಾಲದ್ದು ಎಂದು, ಗುರುತು ದಾಖಲಾಗಲೆಂದು ನಾನೇ ಅವಳ ಕೈ ಹಿಡಿದು ಇಡಿಸಿದೆ. ಮಂಡಿಯಲ್ಲಿ ನಲವತ್ತು ವರ್ಷ ಕೊಬ್ಬರಿಯ ಚಿಪ್ಪು ಬಿಡಿಸಿದ ಬೆರಳು, ಅಕ್ಕಾ. ಗೆರೆ ಎಲ್ಲಿಂದ ಬರಬೇಕು? ಯಂತ್ರ ಕೆಂಪಗಾಗಿ ನನ್ನ ಸಾಲನ್ನು ಹಾಡಿತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟಳು, ಮತ್ತೆ ಹಾಡಿತು. ದ್ಯಾವಮ್ಮನಿಗೂ ಅದೇ, ಅವಳ ಹಿಂದಿನ ಐವರಿಗೂ ಅದೇ. ಏಳು ಹೆಂಗಸರು ಸಾಲಾಗಿ ನಿಂತು ನನ್ನ ಪ್ರಾಸ ಕೇಳಿದರು. ಅಮ್ಮ ಹೊರಡುವ ಮುಂಚೆ, “ಯಾರ್ಲಾ ಇದ ಬರ್ದೋನು? ಚೆಂದಾಗೈತೆ” ಎಂದಳು. ಬರೆದವನು ಯಾರೆಂದು ಅವಳಿಗೆ ಗೊತ್ತಿತ್ತು.

ನನ್ನ ಬೆರಳಿಗೆ ಬಾಗಿಲು ಒಬ್ಬನನ್ನಷ್ಟೇ ಬಿಟ್ಟು ಮುಚ್ಚಿಕೊಳ್ಳುತ್ತದೆ, ಕೈಯಾರೆ ತೆರೆದಿಡೋಣವೆಂದರೆ ಅದರ ಗುಪ್ತಪದ ಕಂಪನಿಯವರ ಹತ್ತಿರ. ಹಳೆಯ ರಿಜಿಸ್ಟರಿನಲ್ಲೇ ಪುಸ್ತಕ ಕೊಡುತ್ತೇನೆಂದರೆ, ಹಾಗೆ ಕೊಟ್ಟದ್ದು ಲೆಕ್ಕಕ್ಕಿಲ್ಲ ಎನ್ನುತ್ತಾರೆ ಲೋಕೇಶ್. “ಆ ಹೆಂಗಸರು ಓದ್ದೆ ಇದ್ರೆ ಊರೇನು ಮುಳುಗ್ತದಾ?” ಎಂದೂ ಅಂದರು. ಆಮೇಲೆ ಯೋಚಿಸಿದರೆ, ಅವರು ಬಾಯಿಬಿಟ್ಟು ಅಂದದ್ದನ್ನು ನಾನು ಸಹಿ ಹಾಕಿ ಅಂದಿದ್ದೆ. ಇಪ್ಪತ್ತು ವರ್ಷ ದಿನಾ ಕಣ್ಣೆದುರು ಕೂತಿದ್ದ ಓದುಗರನ್ನು ಆ ಪರೀಕ್ಷೆಯ ದಿನ ಒಮ್ಮೆಯೂ ಕೂಗಿ ಕರೆಯಲಿಲ್ಲ. ಕರೆದಿದ್ದರೆ ಜಗುಲಿಯಿಂದ ಹತ್ತು ಹೆಜ್ಜೆ. ಪುಸ್ತಕಗಳನ್ನು ನಾನೇ ಮನೆಗೆ ತಂದೆ. ಅಮ್ಮ ಮುಟ್ಟಲಿಲ್ಲ. “ನೀ ಆರಿಸಿದ್ದ ನಾ ಓದಕೆ ನಾನೇನು ಆಸ್ಪತ್ರೇಲಿ ಮಲಗಿದ್ದೀನಾ? ಬೀರು ಮುಂದೆ ನಿಂತು ನಾನೇ ತಗೀಬೇಕು” ಎಂದಳು. ಈಗ ಮಧ್ಯಾಹ್ನದ ಹೊತ್ತು ಜಗುಲಿ ಖಾಲಿ. ಒಳಗೆ ತಂಪು, ಚೊಕ್ಕಟ, ಗಾಜಿನ ಹೊಳಪು. ನೋಡಿದಾಗೆಲ್ಲ ಕೈ ತೊಳೆಯಬೇಕೆನಿಸುತ್ತದೆ.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಅಮ್ಮನ ಆಶೀರ್ವಾದ. ನಿನಗೆ ಮಂಡಿಗೆ ಹಚ್ಚಲು ಎಣ್ಣೆ ಕಾಯಿಸಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ನಿನ್ನ ತಮ್ಮ,
ದೇವರಾಜ್

ತಾ.ಕ.: ಗುರುವಾರ ಉದಯಕುಮಾರ್ ನಿಮ್ಮ ಕಾಲೇಜಿಗೂ ಬರುತ್ತಾನಂತೆ, ನನ್ನ ಮೆಚ್ಚುಗೆಯ ಪತ್ರ ಹಿಡಿದುಕೊಂಡು. ಸಹಿ ನನ್ನದೇ, ಆದರೆ ನಂಬಬೇಡ. ಮಿಕ್ಕ ಮಾತಿಗೆ ಮುಂಚೆ, ನಿಮ್ಮ ನೆಲ ಒರೆಸುವ ಸಣ್ಣತಾಯಮ್ಮನನ್ನು ಕರೆದು ಬೆರಳಿಡಿಸು. ನಾಳೆ ಸಮಿತಿಗೆ ನನ್ನ ಸಹಿ ಹಿಂತೆಗೆದುಕೊಂಡು ಬರೆದುಕೊಡುತ್ತೇನೆ. ಕೆಲಸ ಉಳಿದರೆ ಉಳಿಯಲಿ. ಆ ಕಾಗದದ ಕೆಳಗೆ ಮಂಡಿಯ ಹೆಂಗಸರ ಸಹಿ, ಮೊದಲನೆಯದು ಅಮ್ಮನದು, ಹೆಸರಿನ ದೀರ್ಘವನ್ನೂ ಬಿಡದೆ. ದ್ಯಾವಮ್ಮನಿಗೆಂದು ನಾನು ಅಭ್ಯಾಸಬಲದಿಂದ ಇಂಕಿನ ಪ್ಯಾಡ್ ತೆಗೆದೆ. ಅಮ್ಮ ತಲೆ ಎತ್ತದೆ, “ಆ ಡಬ್ಬಿ ಒಳಗಿಡ್ಲಾ” ಎಂದಳು. ಈಗ ಪಕ್ಕದಲ್ಲೇ ದ್ಯಾವಮ್ಮನ ಕೈ ಹಿಡಿದು ಬರೆಸುತ್ತಿದ್ದಾಳೆ. “ದ್ಯಾ” ಮುಗಿದಿದೆ.