ಒಣಗಿದ್ದ ಕುತ್ತಿಗೆಪಟ್ಟಿ

ಮಗನೇ,

ನೀನು ಓದಲಾರೆಯಾದ್ದರಿಂದ ಕ್ಷೇಮಸಮಾಚಾರವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಅಕ್ಕನ ಮಗಳು ಈಗ ನಿನ್ನಂತೆಯೇ ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಹಾರಿಸುತ್ತಾಳೆ. ಇಂದು ಅಭ್ಯಾಸ ಮುಗಿಸಿ ಬಂದಾಗ ಅವಳ ಹೆಲ್ಮೆಟ್ಟಿನ ಒಳಭಾಗ ಬೆವರಿನಿಂದ ತೊಯ್ದಿತ್ತು. ಕುತ್ತಿಗೆಯ ರಕ್ಷಣೆಗೆಂದು ಕೊಡಿಸಿದ ಪಟ್ಟಿಯ ಸ್ಪಂಜು ಮಾತ್ರ ಸೀಮೆಸುಣ್ಣದಷ್ಟು ಒಣಗಿತ್ತು.

"ಇದನ್ನ ಹಾಕ್ಕೊಂಡಿದ್ಯಾ?"

"ಹೂಂ ತಾತ."

"ತಲೆ ಬೆವರಿದೆ. ಕುತ್ತಿಗೆಗೆ ಮಾತ್ರ ಚಳಿಯಾಗಿತ್ತೇನು?"

"ಅಯ್ಯೋ, ನೀವು ಮೇಷ್ಟ್ರಲ್ಲ, ಪೊಲೀಸ್ ಆಗ್ಬೇಕಿತ್ತು!" ಎಂದು ನಕ್ಕಳು. ತರಬೇತುದಾರರು ಪರಿಶೀಲಿಸಿ ಕಳಿಸಿದ ಮೇಲೆ ಬಿಚ್ಚಿಡುತ್ತಾಳಂತೆ. ಕತ್ತು ಹೊರಳಿಸಲು ಆಗುವುದಿಲ್ಲವಂತೆ. "ಮಾವನೂ ಹಾಕ್ಕೊಂಡಿದ್ರು ಅಂತ ನೀವೇ ಹೇಳ್ತೀರಲ್ಲ. ಉಳಿದ್ರಾ?"

ಹನ್ನೆರಡು ವರ್ಷಗಳಿಂದ ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ಆದರೆ ಒಣ ಸ್ಪಂಜನ್ನು ಮುಟ್ಟಿದ ಮೇಲೆ ನನ್ನ ಮಾತಿನ ಮೇಲೆಯೇ ನನಗೆ ಅನುಮಾನ ಹುಟ್ಟಿತು. ನೀನು ಬಿದ್ದು ತೀರಿಕೊಂಡ ದಿನ ಟ್ರ್ಯಾಕಿನಿಂದ ತಂದುಕೊಟ್ಟಿದ್ದ ನಿನ್ನ ಚೀಲವನ್ನು ಅಟ್ಟದಿಂದಿಳಿಸಿ, ಮೊದಲ ಬಾರಿಗೆ ಬಿಚ್ಚಿದೆ. ನಿನ್ನ ಪಟ್ಟಿ ಅದರಲ್ಲಿಯೇ ಇತ್ತು. ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ.

ಅವಳು ಚೀಟಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. "ನಾಳೆಯಿಂದ ಹಾಕ್ಕೋತೀನಿ ತಾತ" ಎಂದಳು.

"ನಾನೂ ಬರ್ತೀನಿ. ಬೇಲಿ ಪಕ್ಕ ನಿಂತಿರ್ತೀನಿ."

ಮಕ್ಕಳ ಪ್ರತಿಯೊಂದು ಮಾತನ್ನೂ ಪರೀಕ್ಷಿಸಿಯೇ ಒಪ್ಪುತ್ತಿದ್ದ ಮೇಷ್ಟ್ರು ನಾನು. ಆ ಬೆಳಿಗ್ಗೆ ನೀನು ಬಾಗಿಲಲ್ಲಿ ನಿಂತು "ಪಟ್ಟಿ ಹಾಕ್ಕೊಂಡೇ ಓಡಿಸ್ತೀನಿ ಅಪ್ಪ" ಎಂದಾಗ, ನಾನು ಉತ್ತರಪತ್ರಿಕೆಗಳಿಂದ ತಲೆಯೆತ್ತಿರಲಿಲ್ಲ.