ಪೀಪಿ ಅಂತ ಕೂಗಿದ ದಿನ

ಪ್ರೀತಿಯ ಪೀಪಿಗೆ,

ದೊಡ್ಡಮ್ಮನ ಆಶೀರ್ವಾದ. ಹೇಗಿದ್ದೀಯ? ಅಮ್ಮನ ಕೆಮ್ಮು ಇಳಿಯಿತೇ? ಔಷಧಿಯನ್ನು ಅರ್ಧ ಕುಡಿದು ಅರ್ಧ ಸಿಂಕಿಗೆ ಸುರಿಯುವುದು ಅವಳ ಚಿಕ್ಕಂದಿನ ಚಾಳಿ, ಎದುರಿಗೆ ನಿಂತು ಕುಡಿಸು. ಸೊಸೆಯ ಬೆನ್ನುನೋವು ಹೇಗಿದೆ? ಊರಿಗೆಲ್ಲ ವ್ಯಾಯಾಮ ಹೇಳಿಕೊಡುವವನ ಹೆಂಡತಿಗೇ ಬೆನ್ನುನೋವು ಅಂತ ನಾವಿಬ್ಬರೂ ಒಂದು ಸಲ ಬಿದ್ದು ಬಿದ್ದು ನಕ್ಕಿದ್ದೆವು. ನಮ್ಮ ಸಣ್ಣ ಪಟಾಕಿಗೆ ಮುಂದಿನ ಹಲ್ಲು ಬಂತೇ? ಹಲ್ಲಿಲ್ಲದ ಬಾಯಲ್ಲಿ ನನ್ನನ್ನು "ದೊದ್ದಜ್ಜಿ" ಅನ್ನುತ್ತಿದ್ದಳು. ಹಲ್ಲು ಬಂದ ಮೇಲೆ ಏನನ್ನಬೇಕು ಅಂತ ನೀನೇ ಹೇಳಿಕೊಡಬೇಕಾಗುತ್ತದೆ.

ನಾನು ಚೆನ್ನಾಗಿದ್ದೇನೆ. ಪತ್ರ ಬರೆಯುವವರೆಲ್ಲ ಈ ಮಾತು ಬರೆಯುತ್ತಾರೆ, ನಾನೂ ಬರೆದಿದ್ದೇನೆ.

ಫೋನ್ ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀಯ. ಆಮೇಲೆ ಮಾಡುತ್ತೇನೆ ಅನ್ನುತ್ತೀಯ, ಆ ಆಮೇಲೆ ಇನ್ನೂ ಬಂದಿಲ್ಲ. ಪತ್ರಕ್ಕಾದರೆ ಮೀಟಿಂಗು ಮುಗಿಯುವವರೆಗೂ ಮೇಜಿನ ಮೇಲೆ ಕಾಯುವ ತಾಳ್ಮೆ ಇರುತ್ತದೆ. ಇನ್ನೊಂದು ಮಾತು. ಈ ಕಾಗದದಲ್ಲಿ ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ, ಪೀಪಿ ಅಂತಲೇ ಕರೆಯುತ್ತೇನೆ. ಇದು ನೀನು ನೋಡಿಕೊಳ್ಳುವ ಫಿಟ್‌ನೆಸ್ ಸೆಂಟರ್ ಅಲ್ಲ, ನನ್ನ ಅಡಿಗೆಮನೆಯ ಮೇಜು.

ಬಟ್ಟೆ ಕಾರ್ಖಾನೆಗೆ ಬೀಗ ಬಿದ್ದು, ಹೊಲಿಗೆ ಯಂತ್ರದ ಸದ್ದಿಲ್ಲದೆ ನನಗೆ ಹಗಲು ಕಳೆಯುವುದೇ ಕಷ್ಟವಾಗಿದ್ದಾಗ ನೀನೇ ಬಂದು ಹೇಳಿದೆ. "ದೊಡ್ಡಮ್ಮ, ನಮ್ಮ ಸೆಂಟರ್‌ನಲ್ಲಿ ಅಪ್ರೆಂಟಿಸ್ ತಗೋತಾ ಇದಾರೆ. ವಯಸ್ಸಿನ ಮಿತಿ ಇಲ್ಲ. ಒಂದು ವರ್ಷ ಕಲಿತ್ರೆ ಒಬ್ರನ್ನ ಖಾಯಂ ಮಾಡ್ಕೋತಾರೆ. ಬಂದ್ಬಿಡು." ನಾನು ನಕ್ಕೆ. "ಲೋ, ಈ ವಯಸ್ಸಲ್ಲಿ ನಾನು ಡಂಬಲ್ಸ್ ಎತ್ತಲಾ?" ಅಂದೆ. "ನಿನ್ನ ಕುಕ್ಕರ್‌ಗಿಂತ ಹಗುರ ಇರ್ತವೆ, ಬಾ" ಅಂದೆ ನೀನು.

ಬಂದೆ. ಮೊದಲ ದಿನ ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದು, ನೀರಿನ ಯಂತ್ರದ ಮರೆಯಲ್ಲಿ ನಿಲ್ಲಿಸಿ ಹೇಳಿದೆ: "ಇಲ್ಲಿ ನೀನು ನನ್ನನ್ನ ಸರ್ ಅನ್ನು. ನಾನು ನಿನ್ನನ್ನ ನೀವು ಅಂತೀನಿ. ಸ್ವಂತದವರನ್ನ ತುಂಬ್ಕೊಂಡ ಅಂತ ಮಾತು ಬರಬಾರದು. ಬೇಜಾರಿಲ್ಲ ತಾನೆ?" ಬೇಜಾರೇನು ಬಂತು, ಒಳಗೊಳಗೇ ಹಿಗ್ಗಿದೆ. ನನ್ನ ತೊಡೆಯ ಮೇಲೆ ಮಲಗಿ ಉಗುರು ಕತ್ತರಿಸಿಕೊಂಡವನು ಸರ್ ಆಗಿದ್ದಾನೆ ಅಂತ. ನಾನು ಶಾಲೆಗೆ ಹೋದವಳಲ್ಲ ಅನ್ನುವುದು ನಿನಗೆ ಗೊತ್ತು. ನಿಮ್ಮಮ್ಮ ಕೆಲಸಕ್ಕೆ ಅಂತ ಬೇರೆ ಊರಲ್ಲಿದ್ದಾಗ ನೀನು ನನ್ನ ಮನೆಯಲ್ಲಿ ಬೆಳೆದೆ, ನಿನ್ನ ಪಕ್ಕ ಕೂತು ನಿನ್ನ ಪುಸ್ತಕಗಳಲ್ಲೇ ನಾನು ಅಕ್ಷರ ಕಲಿತೆ. ಏಕವಚನ, ಬಹುವಚನ ಕಲಿತದ್ದೂ ನಿನ್ನ ವ್ಯಾಕರಣದ ಪುಸ್ತಕದಲ್ಲೇ. ಬಹುವಚನದಿಂದ ಇಷ್ಟು ನೋವಾಗುತ್ತದೆ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ವರ್ಷವಿಡೀ ನಾನು ಮಾತು ತಪ್ಪಲಿಲ್ಲ ಪೀಪಿ. ಬೆವರಿನ ಅಂಗೈ ಗುರುತು ಬಿದ್ದ ಕನ್ನಡಿ ಒರೆಸಿದೆ. ಟ್ರೆಡ್‌ಮಿಲ್‌ನ ಹಿಡಿಗಳಿಗೆ ಔಷಧಿ ಹೊಡೆದೆ. ಎತ್ತುವಾಗ ಹುಲಿಗಳ ಹಾಗೆ ಗರ್ಜಿಸಿ, ಇಡುವಾಗ ಎಲ್ಲೆಂದರಲ್ಲಿ ಬಿಟ್ಟುಹೋಗುವ ಗಂಡಸರ ಡಂಬಲ್ಸ್‌ಗಳನ್ನು ಜೋಡಿ ಹುಡುಕಿ ಸಾಲಿಗೆ ಸೇರಿಸಿದೆ. ಸ್ನಾನದ ಕೋಣೆಯ ಜಾಲರಿಯಿಂದ ಕೂದಲು ತೆಗೆದೆ. ಲಾಕರಿನಲ್ಲಿ ಉಳಿದ ಒಂಟಿ ಕಾಲುಚೀಲಗಳಿಗೆ ಒಂದು ಬುಟ್ಟಿ ಇಟ್ಟೆ. ಅದಕ್ಕೆ "ವಿಧುರರು" ಅಂತ ಹೆಸರಿಟ್ಟವಳು ನನ್ನ ಜೊತೆ ಸೇರಿದ ಅಪ್ರೆಂಟಿಸ್ ಹುಡುಗಿ. ಮೊಮ್ಮಗಳ ವಯಸ್ಸಿನವಳು, ನನ್ನನ್ನು "ಏ ಬ್ಯಾಚ್‌ಮೇಟು" ಅಂತ ಕರೆಯುತ್ತಿದ್ದಳು. ನೀನು ಎದುರಿಗೆ ಬಂದಾಗಲೆಲ್ಲ ನಾನು "ಗುಡ್ ಮಾರ್ನಿಂಗ್ ಸರ್" ಅನ್ನುತ್ತಿದ್ದೆ. ನೀನು ತಲೆ ಆಡಿಸಿ ಹೋಗುತ್ತಿದ್ದೆ. ಮೊದಮೊದಲು ಹೋಗುವಾಗ ಕಣ್ಣು ಮಿಟುಕಿಸುತ್ತಿದ್ದೆ. ಆಮೇಲಾಮೇಲೆ ಅದೂ ನಿಂತಿತು. ನಾನು ಅದನ್ನು ಗಮನಿಸಿಲ್ಲ ಅಂದುಕೊಂಡಿದ್ದೀಯ.

ನಿಜ ಹೇಳಬೇಕೆಂದರೆ ನನಗೆ ಅಲ್ಲಿ ಸಿಕ್ಕಿದ್ದು ನೀರು. ಎಲ್ಲ ಅಪ್ರೆಂಟಿಸ್‌ಗಳೂ ಈಜು ಕಲಿಯಬೇಕು ಅಂತ ನಿಯಮ. ಸೊಂಟದ ಮಟ್ಟದ ನೀರಿಗೆ ಇಳಿದರೂ ಹೆದರಿ ಕಂಬಿ ಬಿಡದಿದ್ದ ನಾನು ಆ ತುದಿಯಿಂದ ಈ ತುದಿಗೆ ಬಂದ ದಿನ, ಕ್ಲೋರಿನ್ ವಾಸನೆ ಹೊತ್ತುಕೊಂಡು ಮನೆಗೆ ಬಂದು ಒಬ್ಬಳೇ ಕೂತು ಅತ್ತೆ. ಖುಷಿಗೆ ಅತ್ತದ್ದು. ನಿನಗೆ ಹೇಳೋಣ ಅಂದುಕೊಂಡೆ, ಸರ್‌ಗೆ ಅದನ್ನೆಲ್ಲ ಹೇಳುವುದು ಹೇಗೆ ಅಂತ ಸುಮ್ಮನಾದೆ.

ಅದಾದ ಮೇಲೇ ನನ್ನ ಮಂಡಿ ಬ್ಯಾಚ್ ಶುರುವಾದದ್ದು. ಮಂಡಿ ನೋವು, ಸೊಂಟ ನೋವು ಅಂತ ಕೊಳದ ದಡದಲ್ಲಿ ಕೂತು ಮಕ್ಕಳನ್ನು ಕಾಯುತ್ತಿದ್ದ ಅಜ್ಜಿಯರನ್ನು ಒಬ್ಬೊಬ್ಬರನ್ನಾಗಿ ನೀರಿಗೆ ಇಳಿಸಿದೆ. ಕಂಬಿ ಹಿಡಿದು ನಡೆಯುವುದು, ಕಾಲು ಎತ್ತುವುದು, ನೀರಿನಲ್ಲಿ ಕೂತು ಏಳುವುದು. ಪಾಠಗಳೆಲ್ಲ ಸೆಂಟರಿನವೇ, ನನ್ನದು ಬರೀ ಬಾಯಿ. "ನಾಚಿಕೆ ಆಗುತ್ತೆ ಕಣೇ, ಈ ಬಟ್ಟೆ ಹಾಕ್ಕೊಂಡು" ಅನ್ನುತ್ತಿದ್ದರು ಟೀಚರಮ್ಮ. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಎಲ್ಲರಿಗೂ ಅವರು ಟೀಚರಮ್ಮನೇ. "ನೀರೊಳಗೆ ಯಾರು ನೋಡ್ತಾರೆ ಟೀಚರಮ್ಮ, ಕಪ್ಪೆನಾ?" ಅಂತ ನಾನು. ಖಾಯಂ ಕೆಲಸ ಅಂತ ಸಿಕ್ಕರೆ ಆ ಬ್ಯಾಚೇ ನನಗೆ ಸಿಗುತ್ತದೆ ಅಂತ ನೀನೂ ಹೇಳಿದ್ದೆ. ಅದನ್ನು ನಂಬಿಕೊಂಡು ನಾನು ಬೆಳಗಾಗುವುದನ್ನು ಕಾಯುತ್ತಿದ್ದೆ.

ಇನ್ನು ಆ ದಿನದ ವಿಷಯ. ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿನ್ನ ಬಾಯಲ್ಲಿ ಅದು ಈಗ ಬೇರೆ ಕತೆಯಾಗಿದೆ, ಅದಕ್ಕೇ ನನ್ನ ಕತೆಯನ್ನೂ ಒಂದು ಸಲ ಓದು.

ಮಾಲೀಕರು ಹೊಸ ಪಾಲುದಾರರನ್ನು ಕರೆತಂದಿದ್ದರು. ಮೇಲಿನ ಗಾಜಿನ ಮೊಗಸಾಲೆಯಲ್ಲಿ ನಿಂತು ನೀನು ಅವರಿಗೆ ಕೊಳ ತೋರಿಸುತ್ತಿದ್ದೆ. ಕೆಳಗೆ ನನ್ನ ಮಂಡಿ ಬ್ಯಾಚ್. ಟೀಚರಮ್ಮ ಕಂಬಿ ಬಿಟ್ಟು ಹಿಂದಕ್ಕೆ ತಿರುಗಿದರು, ಕಾಲು ಜಾರಿತು, ಮುಳುಗಿದರು. ನಾನು ಕಂಕುಳಿಗೆ ಕೈಹಾಕಿ ಹಿಡಿದೆ. ಭಾರದ ಹೆಂಗಸು, ಮೇಲೆ ನೀರು ಕುಡಿದ ಗಾಬರಿ, ನನ್ನ ಕುತ್ತಿಗೆಯನ್ನೇ ಅಪ್ಪಿ ನನ್ನನ್ನೂ ಒಳಗೆಳೆದರು. ಸಹಾಯ ಅಂತ ಕೂಗಬೇಕು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನ್ನ ಬಾಯಿಗೆ ಆ ಪದ ಬರಲಿಲ್ಲ. ಕೈ ಸೋತಾಗ ನಾನು ಯಾವಾಗಲೂ ಕರೆಯುತ್ತಿದ್ದ ಹೆಸರು ಬಂತು. "ಪೀಪಿ! ಲೋ ಪೀಪಿ!"

ಎತ್ತರದ ಕುರ್ಚಿಯಲ್ಲಿ ಕೂತ ಗಾರ್ಡಿಗೆ ಏನು ಗೊತ್ತು ಪಾಪ, ಚಿಕ್ಕಂದಿನಲ್ಲಿ ಮೂರು ಹೊತ್ತೂ ಪೀಪಿ ಊದಿ ಊದಿ ಓಣಿಯವರಿಂದೆಲ್ಲ ಬೈಸಿಕೊಂಡವನಿಗೆ ನಾವಿಟ್ಟ ಹೆಸರು ಅದು ಅಂತ. ಅವನಿಗೆ ಪೀಪಿ ಅಂದರೆ ಕೊರಳಲ್ಲಿ ನೇತಾಡುವ ಪೀಪಿ. ಊದು ಅನ್ನುತ್ತಿದ್ದಾಳೆ ಅಂದುಕೊಂಡ. ಕೆನ್ನೆ ಉಬ್ಬಿಸಿ ಉದ್ದಕ್ಕೆ ಊದಿದ. ಉದ್ದದ ಸೀಟಿ ಅಂದರೆ ಕಟ್ಟಡ ಖಾಲಿ ಮಾಡಿ ಅಂತ ಅರ್ಥ. ಕೊಳದವರೆಲ್ಲ ದಡಕ್ಕೆ, ಜಿಮ್ಮಿನವರೆಲ್ಲ ಮೆಟ್ಟಿಲಿಗೆ. ಒಬ್ಬ ಕೈಯಲ್ಲಿ ಡಂಬಲ್ ಹಿಡಿದೇ ಓಡಿದ. ಇನ್ನೊಬ್ಬ ತಲೆತುಂಬ ಸೋಪಿನ ನೊರೆ, ಸೊಂಟಕ್ಕೆ ಟವೆಲು, "ಬೆಂಕಿ ಎಲ್ಲಿ, ಬೆಂಕಿ ಎಲ್ಲಿ" ಅಂತ ಪಾಲುದಾರರ ಮೈಮೇಲೇ ಬಿದ್ದ. ಬೇರೆ ಯಾರದಾದರೂ ಸೆಂಟರಿನಲ್ಲಿ ಇದು ನಡೆದಿದ್ದರೆ ನೀನೂ ನಾನೂ ಇದನ್ನು ಹೇಳಿಕೊಂಡು ವರ್ಷಗಟ್ಟಲೆ ನಗುತ್ತಿದ್ದೆವು.

ಆದರೆ ಒಂದು ನೆನಪಿಟ್ಟುಕೋ. ಎಲ್ಲರೂ ಹೊರಕ್ಕೆ ಓಡುವಾಗ ನೀನೊಬ್ಬ ಒಳಕ್ಕೆ ಓಡಿಬಂದೆ. ಸೀಟಿ ಕೇಳಿ ಅಲ್ಲ. ನಿನ್ನ ಹೆಸರು ಕೇಳಿ. ಸೀಟಿಗಿಂತ ಮುಂಚೆ ನೀನು ಮೆಟ್ಟಿಲ ಮೇಲಿದ್ದೆ, ನಾನು ನೋಡಿದೆ. ಬೂಟೂ ಬಿಚ್ಚದೆ ನೀರಿಗೆ ಹಾರಿದೆ. ಟೀಚರಮ್ಮನನ್ನು ಒಂದು ಕಡೆ ನೀನು, ಒಂದು ಕಡೆ ನಾನು ಹಿಡಿದು ದಡಕ್ಕೆ ತಂದೆವು. "ನಿನಗೇನೂ ಆಗಿಲ್ಲ ತಾನೆ?" ಅಂತ ಕೇಳಿದೆ. ನಿನಗೆ ಅಂದೆ ಪೀಪಿ, ನಿಮಗೆ ಅನ್ನಲಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದರು. "ಯಾರ್ರೀ ಅದು ಪೀಪಿ?" ಅಂದರು. ಏದುಸಿರಿನಲ್ಲಿ ನಾನೇ ಹೇಳಿದೆ, "ಇವನೇ ಸಾರ್, ನಮ್ಮ ಹುಡುಗ." ಪಾಲುದಾರರು ನಕ್ಕರು. ಮಾಲೀಕರು ನಗಲಿಲ್ಲ. ನಿನ್ನ ಕಡೆ ತಿರುಗಿ, "ಏನ್ರೀ, ನಿಮ್ಮ ಸಂಬಂಧಿಕರಾ?" ಅಂದರು.

ನೀನು ಒದ್ದೆ ಬೂಟು ನೋಡಿಕೊಂಡೆ. ಆಮೇಲೆ ಹೇಳಿದೆ. "ಇಲ್ಲ ಸಾರ್. ಗೊತ್ತಿರೋರು, ಅಷ್ಟೆ."

ಗೊತ್ತಿರೋರು. ಹಾಲು ಹಾಕುವವನು ಗೊತ್ತಿರೋನು. ಬಸ್ಸಿನಲ್ಲಿ ದಿನಾ ಪಕ್ಕದಲ್ಲಿ ಕೂರುವವಳು ಗೊತ್ತಿರೋಳು. ಜ್ವರ ಬಂದಾಗ ನಿನ್ನ ವಾಂತಿಯನ್ನು ಸೆರಗಿನಲ್ಲಿ ಹಿಡಿದವಳು ಗೊತ್ತಿರೋಳು ಅಂತ ನನಗೆ ಅವತ್ತು ಗೊತ್ತಾಯಿತು. ಬೈದಿದ್ದರೆ ಸಹಿಸುತ್ತಿದ್ದೆ. "ಮುದುಕಿಗೆ ಬುದ್ಧಿ ಇಲ್ಲ, ನಮ್ಮ ದೊಡ್ಡಮ್ಮ, ಕ್ಷಮಿಸಿ ಸಾರ್" ಅಂದಿದ್ದರೆ ನಾನೇ ಅವರ ಮುಂದೆ ಕಿವಿ ಹಿಡಿದುಕೊಳ್ಳುತ್ತಿದ್ದೆ. ಟವೆಲು ಸುತ್ತಿಕೊಂಡು ನಡುಗುತ್ತ ಕೂತಿದ್ದ ಟೀಚರಮ್ಮ ಆ ಮಾತು ಕೇಳಿ ನನ್ನ ಮುಖ ನೋಡಿದರು. ನಾನು ನೆಲ ಒರೆಸುವ ಕೋಲು ತರಲು ಹೋದೆ.

ವಾರ ಕಳೆಯುವುದರೊಳಗೆ ನಿನ್ನ ಗಾಜಿನ ಕೋಣೆಗೆ ಕರೆಸಿ ಹೇಳಿದೆ. "ನೀವು ತಪ್ಪು ತಿಳ್ಕೋಬಾರದು. ಖಾಯಂ ಪೋಸ್ಟಿಗೆ ಆ ಹುಡುಗಿನ ತಗೊಂಡಿದಾರೆ. ನೀವು ಅವತ್ತು ಹಾಗೆ ಕೂಗಬಾರದಿತ್ತು. ಮೇಲಿನವರ ಮುಂದೆ ನಾನೇನು ಮಾಡಲಿ, ನೀವೇ ಹೇಳಿ." ಬಾಗಿಲು ಮುಚ್ಚಿತ್ತು, ಒಳಗೆ ನಾವಿಬ್ಬರೇ ಇದ್ದೆವು. ಆದರೂ ನೀವು. ಯಾರು ಕೇಳಿಸಿಕೊಳ್ಳುತ್ತಾರೆ ಅಂತ ಆ ನೀವು? ನಾನು "ಸರಿ ಸರ್" ಅಂದು, ಟೀ ಶರ್ಟು, ಗುರುತಿನ ಚೀಟಿ, ನನ್ನ ಕೊರಳ ಸೀಟಿ ಎಲ್ಲ ನಿನ್ನ ಮೇಜಿನ ಮೇಲಿಟ್ಟು ಬಂದೆ. ಗಾಜಿನ ಆಚೆ ಆ ಹುಡುಗಿ ಅಳುತ್ತ ನಿಂತಿದ್ದಳು. "ಬ್ಯಾಚ್‌ಮೇಟು, ನಾನು ಕೇಳಲಿಲ್ಲ, ಅವರೇ ಕೊಟ್ಟಿದ್ದು" ಅಂದಳು. ಅವಳ ಮೇಲೆ ನನಗೆ ಕೋಪವಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಾಳೆ. ಮಂಡಿ ಬ್ಯಾಚಿನವರಿಗೆ ಸ್ವಲ್ಪ ಜೋರಾಗಿ ಮಾತಾಡಬೇಕು, ಇಬ್ಬರಿಗೆ ಕಿವಿ ಮಂದ, ಅಂತ ಹೇಳಿ ಬಂದೆ. ನೀನೂ ಒಮ್ಮೆ ನೆನಪು ಮಾಡು.

ಕೆಲಸ ಹೋದದ್ದಕ್ಕೆ ಈ ಪತ್ರ ಬರೆಯುತ್ತಿಲ್ಲ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. "ಯಾಕಕ್ಕಾ ಬಿಟ್ಬಿಟ್ಟೆ? ಮಂಡಿ ನೋವು ತಡೆಯಕ್ಕಾಗಲ್ಲ ಅಂದ್ಯಂತೆ? ಅವನು ಎಷ್ಟು ಹೇಳಿದ್ರೂ ಕೇಳಲಿಲ್ಲವಂತೆ?" ಅಂದಳು. ನನ್ನನ್ನು ಕಳಿಸಿದ್ದಲ್ಲದೆ ನನ್ನ ಮಂಡಿಯ ಮೇಲೂ ಸುಳ್ಳು ಹೇಳಿದ್ದೀಯ. ಏನು ಮಾಡಲಿ, ತಂಗಿಗೆ ಕೆಮ್ಮು, ಉಸಿರು ಎಳೆದುಕೊಳ್ಳುತ್ತಿದ್ದಳು. "ಹೂಂ ಕಣೇ, ಮಂಡಿ" ಅಂದೆ. ನಿನ್ನ ಮಾನ ಉಳಿಸಿದೆ. ಇದೊಂದು ಸಲ. ಇನ್ನೊಂದು ಸಲ ಕೇಳಿದರೆ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ. ಅವಸರದಲ್ಲಿ ನನ್ನ ಬಾಯಿಗೆ ನಿಜವೇ ಬರುತ್ತದೆ, ಅದನ್ನು ನೀನು ನೋಡಿದ್ದೀಯ. ಅದಕ್ಕೆ ಮುಂಚೆ ನೀನೇ ನಿಮ್ಮಮ್ಮನ ಎದುರು ಕೂತು ನಡೆದದ್ದನ್ನು ಹೇಳು. ಅವಳು ಬೈಯುತ್ತಾಳೆ, ಬೈಸಿಕೋ.

ನಾನಂತೂ ಆ "ಗೊತ್ತಿರೋರು" ಅನ್ನುವ ಮಾತನ್ನು ಇನ್ನೂ ಕ್ಷಮಿಸಿಲ್ಲ. ದೊಡ್ಡವಳು, ಕ್ಷಮಿಸಬೇಕು ಅಂತ ನೀನು ಅಂದುಕೊಂಡಿರಬಹುದು. ದೊಡ್ಡವಳು ಅಂತ ನೀನು ಮೊದಲು ಹೇಳು, ಆಮೇಲೆ ನೋಡೋಣ.

ಈ ಪತ್ರವನ್ನು ಬೇಕೆಂದೇ ನಿನ್ನ ಮನೆಗೆ ಹಾಕದೆ ಸೆಂಟರಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಬಾಗಿಲ ಬಳಿಯ ಮೇಜಿನಲ್ಲಿ ನನ್ನ ಬ್ಯಾಚ್‌ಮೇಟು ತೆಗೆದುಕೊಳ್ಳುತ್ತಾಳೆ. ಈ ಕಾಲದಲ್ಲಿ ಕೈಬರಹದ ಪತ್ರ ಬಂದರೆ ಯಾರಿಗಾದರೂ ಕುತೂಹಲವೇ. ಎಲ್ಲರ ಎದುರಿಗೆ, "ಯಾರದು ಸರ್ ಇದು?" ಅಂತ ಕೇಳುತ್ತಾಳೆ. ಕವರಿನ ಮೇಲೆ ಕಳಿಸಿದವರ ಹೆಸರು ಬರೆಯುವ ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ. ಅವಳಿಗೆ ಏನು ಹೇಳಿದೆಯೋ ಅದನ್ನೇ ನಿನ್ನ ಉತ್ತರದ ಮೊದಲ ಸಾಲಿನಲ್ಲಿ ಬರೆ. ಆಮೇಲೆ ಏನೂ ಬರೆಯದಿದ್ದರೂ ನಡೆಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಣ್ಣ ಪಟಾಕಿಗೆ ಮುತ್ತು. ಎಲ್ಲಿದ್ದರೂ ಚೆನ್ನಾಗಿರು, ನೂರು ವರ್ಷ ಬಾಳು. ಪತ್ರ ಬೇಗ ಬರೆ, ದಾರಿ ನೋಡುತ್ತಿರುತ್ತೇನೆ.

ಇಂತಿ,
ನಿನ್ನ
ದೊಡ್ಡಮ್ಮ