ಬಡಿಸುವ ಕೈ

ಜುಲೈ 8, ಸೋಮವಾರ
ಓಟದ ಪ್ರಾಕ್ಟೀಸ್. ಮೂರನೇ ಸುತ್ತಿಗೇ ಜಿಂಕೆ ಕುಸಿದಳು. ಒಂಬತ್ತನೇ ಕ್ಲಾಸಿನ ಹುಡುಗಿ, ಕಾಲು ನೋಡಿ ಸ್ಕೂಲೇ ಇಟ್ಟ ಹೆಸರು. ಮುಂದಿನ ತಿಂಗಳು ಜಿಲ್ಲಾ ಮಟ್ಟದ ಓಟ. ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಇವಳು ನೋಡಿದರೆ ನೆಲದ ಮೇಲೆ... ನೀರು ಚಿಮುಕಿಸಿ ಎಬ್ಬಿಸಿದೆ.

"ಮಧ್ಯಾಹ್ನ ಊಟ ಮಾಡಿದ್ಯಾ?"

"ಹ್ಞೂಂ ಮಿಸ್."

ಸುಳ್ಳು. ಮುಖದಲ್ಲೇ ಬರೆದಿತ್ತು. ಸಪೂರ ಆಗುವ ಹುಚ್ಚು ಹಿಡಿದಿರಬೇಕು. ಬಾಯಿಗೆ ಬಂದ ಹಾಗೆ ಬೈದೆ.

ಜುಲೈ 10, ಬುಧವಾರ
ಆರೋಗ್ಯ ಕೇಂದ್ರದ ನರ್ಸಮ್ಮ ಬಂದಿದ್ದರು. ಜಿಂಕೆಯ ರಕ್ತ ಪರೀಕ್ಷೆ ಮಾಡಿ ನನ್ನನ್ನೇ ದುರುಗುಟ್ಟಿ ನೋಡಿದರು.

"ಹೀಗಿರೋಳ್ನ ಓಡಿಸ್ತೀರಾ? ಮೈಯಲ್ಲಿ ರಕ್ತಾನೇ ಇಲ್ಲ. ಹೀಗೇ ಇದ್ರೆ ನಾನಂತೂ ಓಟಕ್ಕೆ ಫಿಟ್ ಅಂತ ಸರ್ಟಿಫಿಕೇಟ್ ಕೊಡಲ್ಲ. ಬರೀ ಮಾತ್ರೆ ನುಂಗಿದ್ರೆ ಆಗಲ್ಲ, ಹೊಟ್ಟೆಗೂ ಬೀಳ್ಬೇಕು."

ಸ್ಕೂಲಲ್ಲಿ ದಿನಾ ಊಟ ಕೊಡುತ್ತಾರಲ್ಲ! ಎಲ್ಲಿಗೆ ಹೋಗುತ್ತದೆ ಅದು? ನಾಳೆ ಹೋಗಿ ನೋಡಬೇಕು.

ಜುಲೈ 11
ನೋಡಿದೆ. ಮೈಯೆಲ್ಲ ಉರಿಯುತ್ತಿದೆ.

ಬಡಿಸುವುದು ಒಂಬತ್ತು, ಹತ್ತನೇ ಕ್ಲಾಸಿನ ಹುಡುಗಿಯರು. ಮೊದಲು ಹುಡುಗರು, ಆಮೇಲೆ ಚಿಕ್ಕವರು, ನಡುವೆ ಎಲ್ಲೋ ಮೇಷ್ಟರುಗಳು. ಬಡಿಸಿದವರು ಕೊನೆಗೆ. ಅಷ್ಟರಲ್ಲಿ ಮೊಟ್ಟೆ ಖಾಲಿ, ಬೇಳೆ ಬರೀ ನೀರು. ಅಡಿ ಹಿಡಿದ ಅನ್ನ ಕೆರೆದುಕೊಳ್ಳುವಾಗಲೇ ಬೆಲ್. ಎರಡು ತುತ್ತು ನುಂಗಿ ಓಡುತ್ತಾರೆ. ಜಿಂಕೆಯಂಥವರು ಕೂರುವುದೇ ಇಲ್ಲ. ಇದಾ ಸಪೂರ ಆಗುವ ಹುಚ್ಚು?

ಹೆಡ್‌ಮಾಸ್ಟರ ರೂಮಿಗೆ ನುಗ್ಗಿದೆ.

"ಹೆಣ್ಮಕ್ಕಳ ಕೈ ಅಚ್ಚುಕಟ್ಟು ಮೇಡಂ. ಹುಡುಗರಿಗೆ ಸೌಟು ಕೊಟ್ರೆ ಅರ್ಧ ನೆಲದ ಪಾಲು."

"ಅಚ್ಚುಕಟ್ಟಾಗಿ ಉಪವಾಸ ಬೀಳ್ತಿದಾರೆ ಸರ್."

"ನಾಳೆ ಸಂಸಾರ ಮಾಡೋರು. ಅಭ್ಯಾಸ ಆಗ್ಲಿ ಬಿಡಿ."

ಅಭ್ಯಾಸವಂತೆ! ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಜುಲೈ 19
ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ಇವತ್ತು ಸ್ಟಾಫ್ ಮೀಟಿಂಗಿನಲ್ಲಿ ಮಾತು ಎತ್ತಿದೆ. ಗಣಿತದ ಮೇಷ್ಟರಿಗೆ ನಗು — "ಮೇಡಂ ಸೌಟು ಹಿಡ್ಕೊಂಡು ಯುದ್ಧಕ್ಕೆ ಹೊರಟ್ರು!" ಉಳಿದವರು ಬಿಸ್ಕೆಟ್ ಅಗಿಯುತ್ತಿದ್ದರು. ಸರಿ. ಕೇಳಿದ್ದು ಸಾಕು.

ಜುಲೈ 22, ಸೋಮವಾರ
ಊಟದ ಬೆಲ್ ಆಗುತ್ತಲೇ ಬಡಿಸುವ ಹುಡುಗಿಯರನ್ನು ಸಾಲಾಗಿ ಕೂರಿಸಿದೆ. ಸೌಟು ನಾನೇ ಹಿಡಿದೆ. ಅನ್ನ, ಮೇಲೆ ಗಟ್ಟಿ ಬೇಳೆ, ತಲೆಗೊಂದು ಮೊಟ್ಟೆ. ಬಾಗಿಲಲ್ಲಿ ಹುಡುಗರು ತಟ್ಟೆ ಬಡಿಯುತ್ತಿದ್ದರು.

ಒಬ್ಬಳೂ ಕೈ ಹಾಕಲಿಲ್ಲ.

"ಅವ್ರದ್ದಾಗ್ಲಿ ಮಿಸ್..."

"ನಂಗೆ ಹಸಿವಿಲ್ಲ ಮಿಸ್."

ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಹೆಡ್‌ಮಾಸ್ಟರ ಮೇಲಿನ ಸಿಟ್ಟೆಲ್ಲ ಇವರ ಮೇಲೆ ತಿರುಗಿತು. "ತಿನ್ರೇ!" ಎಂದು ಕಿರುಚಿದೆ.

ಆಗಲೇ ಹೆಡ್‌ಮಾಸ್ಟರು ಒಳಗೆ ಬಂದರು. "ಏನಿದು? ಏಳಿ, ಎಲ್ಲಾ ಏಳಿ! ಹುಡುಗರಿಗೆ ಯಾರು ಬಡಿಸೋದು?"

ಸಾಲಿಗೆ ಸಾಲೇ ಎದ್ದಿತು. ಜಿಂಕೆ ಏಳಲಿಲ್ಲ. ಅನ್ನ ಕಲಸಿದಳು. ದೊಡ್ಡದೊಂದು ತುತ್ತು ಬಾಯಿಗಿಟ್ಟು, ತುಂಬಿದ ಬಾಯಲ್ಲೇ ಹೇಳಿದಳು:

"ಸೌಟು ಮಿಸ್ ಹತ್ರ ಇದೆ ಸರ್. ಇಸ್ಕೊಳ್ಳಿ."

ಸೌಟು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ನಾನೂ ಕೈ ಇಳಿಸಲಿಲ್ಲ. ಎದ್ದು ನಿಂತಿದ್ದವರಲ್ಲಿ ಒಬ್ಬಳು ಮೆಲ್ಲಗೆ ಕೂತಳು. ಆಮೇಲೆ ಅವಳ ಪಕ್ಕದವಳೂ —